ಇಂಚಮ್ಮನ ಮೂರೂವರೆ ಇಂಚು

ಇಂಚಮ್ಮನ ಕಣ್ಣೆದುರು ಯಾರೂ ಸುಮ್ಮನೆ ನಿಲ್ಲುವ ಹಾಗಿರಲಿಲ್ಲ. ನಿಂತರೋ, ಅಳತೆಗೆ ಸಿಕ್ಕಿಬಿದ್ದರು ಅಂತಲೇ ಲೆಕ್ಕ. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಹೊಲಿಗೆ ಅಂಗಡಿ. ಕಿಟಕಿಗೆ ಒತ್ತಿಕೊಂಡು ಮೆಷಿನ್ನು, ಕಿಟಕಿಯ ಕೆಳಗೆ ಬಸ್ ನಿಲ್ದಾಣ. ದಾರ ಪೋಣಿಸುವ ಹೊತ್ತಿನಲ್ಲೇ ಅವಳು ಕೆಳಗೆ ಬಗ್ಗಿ ನೋಡಿ, ಬಸ್ಸಿಗೆ ಕಾಯುವ ಎಂಟು ಮಂದಿಯ ಸೊಂಟ, ಭುಜ, ತೋಳು ಎಲ್ಲವನ್ನೂ ಮನಸ್ಸಿನಲ್ಲೇ ಬರೆದುಕೊಂಡು ಮುಗಿಸಿರುತ್ತಿದ್ದಳು. "ಆ ಕನ್ನಡಕದವನ ಎಡಭುಜ ಅರ್ಧ ಇಂಚು ಇಳಿದಿದೆ, ಯಾವಾಗ್ಲೂ ಬ್ಯಾಗು ಅದೇ ಕಡೆ ನೇತುಹಾಕ್ತಾನೆ" ಎಂದು ತನ್ನಷ್ಟಕ್ಕೆ ಹೇಳಿಕೊಂಡು ಪೆಡಲು ಒತ್ತುತ್ತಿದ್ದಳು. ಅದಕ್ಕೇ ಊರಿಗೆಲ್ಲ ಅವಳು ಇಂಚಮ್ಮ. ಗಂಡನಿಗೂ ಇಂಚಮ್ಮನೇ.

ಗಂಡ ಲಿಫ್ಟ್ ಮೆಕ್ಯಾನಿಕ್. ಮದುವೆಗೆ ಮುಂಚೆ ಅವನು ಅವಳ ಹತ್ತಿರ ಪ್ಯಾಂಟು ಹೊಲಿಸಲು ಬಂದಿದ್ದ. ಅವಳು ಟೇಪು ಹಿಡಿದು ಎರಡು ಸಲ ಅಳೆದು, "ನಿಮ್ಮ ಬಲಗಾಲು ಕಾಲು ಇಂಚು ಉದ್ದ ಇದೆ, ಗೊತ್ತಾ?" ಎಂದು ಕೇಳಿದ್ದಳು. "ಇಪ್ಪತ್ತೇಳು ವರ್ಷ ನೆಟ್ಟಗೆ ನಡೀತಿದ್ದೆ ಮಾರಾಯ್ರೆ, ಇವಳು ಹೇಳಿದ ದಿನದಿಂದ ಕುಂಟ್ತಾ ಇದೀನಿ" ಎಂದು ಅವನು ಈಗಲೂ ಸಿಕ್ಕಸಿಕ್ಕವರಿಗೆ ಹೇಳುತ್ತಾನೆ.

ಇಂಚಮ್ಮ ದರ್ಜಿಯಾಗಲು ಕಾರಣ ಅವಳ ಅಕ್ಕ. ಅಕ್ಕ ಎರಡೇ ವರ್ಷ ದೊಡ್ಡವಳು, ಆದರೆ ಒಂದು ತಲೆಗಿಂತ ಹೆಚ್ಚು ಎತ್ತರ. ಈಗ ಅಕ್ಕ ಐದಡಿ ಒಂಬತ್ತು ಇಂಚು, ತಂಗಿ ನಾಲ್ಕಡಿ ಹತ್ತು. ಚಿಕ್ಕಂದಿನಲ್ಲಿ ಅಕ್ಕ ಬಿಟ್ಟ ಬಟ್ಟೆಯೆಲ್ಲ ತಂಗಿಗೆ. ಫ್ರಾಕು ಹಾಕಿಕೊಂಡರೆ ನೆಲ ಗುಡಿಸಿದಂತಾಗುತ್ತಿತ್ತು. ಕೋಟು ಹಾಕಿಕೊಂಡರೆ ಕೈ ಎಲ್ಲಿದೆ ಎಂದು ಹುಡುಕಬೇಕಾಗುತ್ತಿತ್ತು. ಏಳನೇ ವಯಸ್ಸಿಗೆ ಅವಳು ಸೂಜಿ ಹಿಡಿದು ಅಕ್ಕನ ನೀಲಿ ಫ್ರಾಕಿನ ಅಂಚು ಮಡಚಿ ತಾನೇ ಹೊಲಿದುಕೊಂಡಳು. ಹೊಲಿಗೆ ಸೊಟ್ಟಗಿತ್ತು, ಉದ್ದ ಮಾತ್ರ ಕರಾರುವಾಕ್ಕು. ಆವತ್ತು ಹಿಡಿದ ಸೂಜಿ ಮತ್ತೆ ಕೆಳಗಿಟ್ಟಿಲ್ಲ.

ಅಕ್ಕ ಮಾತ್ರ ತಂಗಿಯ ಹತ್ತಿರ ಒಂದು ಬಟ್ಟೆಯನ್ನೂ ಹೊಲಿಸಿದವಳಲ್ಲ. ದೊಡ್ಡ ಅಂಗಡಿಯ ಸಿದ್ಧ ಉಡುಪು ಕೊಂಡು, ತೋಳನ್ನು ಮೊಣಕೈವರೆಗೆ ಮಡಚಿ ಹಾಕಿಕೊಳ್ಳುವುದು ಅವಳ ಶೈಲಿ. ನೋಡಿದವರು "ಎಷ್ಟು ಠೀವಿ!" ಎನ್ನುತ್ತಿದ್ದರು. ತಂಗಿಗೆ ಒಳಗೊಳಗೇ ಚುಚ್ಚುತ್ತಿತ್ತು. "ಊರೆಲ್ಲ ನನ್ನ ಹತ್ರ ಬರತ್ತೆ, ಒಡಹುಟ್ಟಿದವಳು ಬರಲ್ಲ" ಎಂದು ಗಂಡನ ಮುಂದೆ ಗೊಣಗುತ್ತಿದ್ದಳು.

ಇಂಚಮ್ಮನಿಗೆ ಐವತ್ಮೂರು ತುಂಬಿದ ವರ್ಷ ಅವಳ ಕತ್ತು ಮುಷ್ಕರ ಹೂಡಿತು. ಮೂವತ್ತು ವರ್ಷ ಮೆಷಿನ್ನಿನ ಮೇಲೆ ಬಗ್ಗಿದ ಕತ್ತು ಅದು, ಪಾಪ. ಡಾಕ್ಟರು ಎಕ್ಸ್‌ರೇ ನೋಡಿ, "ಕುರ್ಚಿ ಬಿಟ್ಟು ಏಳಿ ಅಮ್ಮಾ. ತೆರೆದ ಜಾಗದಲ್ಲಿ ಮೈ ತಿರುಗಿಸೋ ಅಂಥದ್ದು ಏನಾದ್ರೂ ಮಾಡಿ" ಎಂದರು. ಈ ಸುದ್ದಿ ಅಕ್ಕನ ಕಿವಿಗೆ ಬಿದ್ದ ಮಾರನೇ ದಿನವೇ ಅಕ್ಕ ಮಹಡಿ ಮೆಟ್ಟಿಲು ಹತ್ತಿ ಬಂದಳು. ಹೆಗಲ ಮೇಲೆ ಉದ್ದನೆಯ ಚೀಲ, ಚೀಲದ ಬಾಯಲ್ಲಿ ಹನ್ನೊಂದು ಗಾಲ್ಫ್ ಕೋಲು.

ಅಕ್ಕ ಊರಾಚೆಯ ಗಾಲ್ಫ್ ಅಭ್ಯಾಸದ ಮೈದಾನಕ್ಕೆ ಹೋಗಲು ಶುರುಮಾಡಿ ಎರಡು ವರ್ಷವಾಗಿತ್ತು.

"ತಗೋ, ಇದೆಲ್ಲ ನಿಂಗೆ. ನಾನು ಹೊಸ ಸೆಟ್ ತಗೊಂಡೆ" ಎಂದಳು ಅಕ್ಕ.

"ಗಾಲ್ಫಾ? ನಾನಾ? ಅದು ಸೂಟು ಹಾಕಿದ ಸಾಹೇಬರ ಆಟ ಅಲ್ವೇನೇ?"

"ಸೂಟು ಹಾಕ್ಕೊಂಡು ಯಾರೂ ಆಡಲ್ಲ. ನಾಳೆ ಬೆಳಿಗ್ಗೆ ಏಳಕ್ಕೆ ಬರ್ತೀನಿ. ಚಪ್ಪಲಿ ಬೇಡ, ಬೂಟು ಹಾಕ್ಕೋ."

ಅಕ್ಕ ಕೊಟ್ಟ ಮೇಲೆ ಬೇಡ ಎನ್ನುವ ಅಭ್ಯಾಸ ಇಂಚಮ್ಮನಿಗೆ ಹುಟ್ಟಿದಾಗಿನಿಂದಲೂ ಇರಲಿಲ್ಲ.

ಮಾರನೇ ದಿನ ಮೈದಾನ ನೋಡಿದ್ದೇ ಅವಳ ಬಾಯಿ ತೆರೆದುಕೊಂಡಿತು. ಒಂದು ಕಡೆ ಉದ್ದಕ್ಕೆ ತಗಡಿನ ಮಾಡು, ಅದರ ಕೆಳಗೆ ಸಾಲಾಗಿ ಹಸಿರು ಚಾಪೆಗಳು, ಒಂದೊಂದು ಚಾಪೆಯ ಪಕ್ಕಕ್ಕೆ ಒಂದೊಂದು ಬಕೆಟ್ ಚೆಂಡು. ಮುಂದೆ ಕಣ್ಣು ಹಾಯುವವರೆಗೂ ಹುಲ್ಲು. ಹೊಡೆದವರ ಚೆಂಡು ಠಳ್ ಎಂದು ಎದ್ದು, ಬೆಳ್ಳಗೆ ಚುಕ್ಕೆಯಾಗಿ, ಎಷ್ಟೋ ಹೊತ್ತಿನ ಮೇಲೆ ಎಲ್ಲೋ ಪುಟ್ಟದಾಗಿ ಪುಟಿಯುತ್ತಿತ್ತು. ಅಷ್ಟು ದೂರಕ್ಕೆ ಒಂದು ವಸ್ತುವನ್ನು ಎಸೆಯುವುದಕ್ಕೆ ದೊಡ್ಡವರಿಗೂ ಪರವಾನಗಿ ಉಂಟು ಎಂದು ಅವಳಿಗೆ ಇಷ್ಟು ದಿನ ಯಾರೂ ಹೇಳಿರಲೇ ಇಲ್ಲ! ಅವಳ ಅಂಗೈ ಜುಮ್ಮೆಂದಿತು.

ಏಳನೇ ನಂಬರಿನ ಕೋಲು ಹಿಡಿದು ಬೀಸಿದಳು. ಕೋಲು ಚೆಂಡಿಗೆ ಒಂದು ಗೇಣು ಹಿಂದೆಯೇ ಚಾಪೆಗೆ ಧಬ್ ಎಂದು ಬಡಿಯಿತು. ಚೆಂಡು ಅಲ್ಲೇ ಕೂತಿತ್ತು. ಎರಡನೆಯ ಸಲ ಗಾಳಿಗೆ ಬೀಸಿ ತಾನೇ ಒಂದು ಸುತ್ತು ತಿರುಗಿದಳು. ಮೂರನೆಯದು ತಗುಲಿತು, ಚೆಂಡು ಎಡಕ್ಕೆ ಹಾರಿ ಮಾಡಿನ ಕಂಬಕ್ಕೆ ಬಡಿದು, ಪಕ್ಕದವರ ಬಕೆಟ್ಟಿಗೆ ಬಿದ್ದು, ಅವರ ಚೆಂಡುಗಳ ನಡುವೆ ತಾನೂ ಒಂದಾಗಿ ಕೂತುಬಿಟ್ಟಿತು. ಪಕ್ಕದವರು ಟೋಪಿ ತೆಗೆದು, "ಅಮ್ಮಾ, ಬಕೆಟ್ಟಿಗೆ ಹಾಕೋದು ಆಮೇಲೆ" ಎಂದರು.

ಸಲಹೆಗೇನು ಬರವೇ? "ಮಂಡಿ ಬಗ್ಗಿಸು" ಎಂದಳು ಅಕ್ಕ. "ಮಂಡಿ ಜಾಸ್ತಿ ಬಗ್ಗಿಸಬೇಡಿ" ಎಂದರು ಟೋಪಿಯವರು. ತಲೆ ಎತ್ತಬೇಡಿ, ಉಸಿರು ಬಿಡಿ, ಉಸಿರು ಹಿಡಿಯಿರಿ, ಚೆಂಡನ್ನು ಶತ್ರು ಅಂದುಕೊಳ್ಳಿ, ಚೆಂಡನ್ನು ಪ್ರೀತಿಸಿ. ಕಾಫಿ ಮಾರುವವನೂ ಬಂದು, "ಸೊಂಟ, ಮೇಡಂ, ಸೊಂಟ" ಎಂದು ಹೇಳಿ ಹೋದ. ಇಂಚಮ್ಮ ಎಲ್ಲರ ಮಾತನ್ನೂ ಒಟ್ಟಿಗೇ ಪಾಲಿಸಲು ಹೋಗಿ ಗಂಟು ಬಿದ್ದ ದಾರದುಂಡೆಯಂತಾದಳು. ಕೋಲು ಉದ್ದವಾಯಿತೆಂದು ಕೆಳಗೆ ಹಿಡಿದರೆ ಹಿಡಿಕೆಯ ತುದಿ ಹೊಟ್ಟೆಗೆ ತಿವಿಯುತ್ತಿತ್ತು. ಮೇಲೆ ಹಿಡಿದರೆ ಚೆಂಡು ಪಕ್ಕದ ಊರಿನಲ್ಲಿ ಇದ್ದಷ್ಟು ದೂರ ಅನಿಸುತ್ತಿತ್ತು.

ಸಂಜೆ ಗಂಡ ಅವಳ ಹೊಟ್ಟೆಯ ಮೇಲಿನ ನೀಲಿ ಗುರುತು ನೋಡಿ ಗಾಬರಿಯಾದ. "ಯಾರೇ ಹೊಡೆದಿದ್ದು?"

"ಅಕ್ಕನ ಕೋಲು."

"ಅಕ್ಕ ಕೋಲು ತಗೊಂಡು ಹೊಡೆದ್ರಾ?!"

"ಅಯ್ಯೋ, ನಾನೇ ಹೊಡ್ಕೊಂಡೆ ರೀ."

"ಇದು ಇನ್ನೂ ಚೆನ್ನಾಗಿದೆ" ಎಂದು ಅವನು ಮುಲಾಮು ಹುಡುಕಲು ಹೋದ.

ಹೀಗೆ ಮೂರು ವಾರ. ವಿಚಿತ್ರವೆಂದರೆ ಅವಳು ಬಿಡಲಿಲ್ಲ. ದಿನಕ್ಕೊಂದಾದರೂ ಚೆಂಡು ಅಪ್ಪಿತಪ್ಪಿ ಎದ್ದು ನಾಲ್ಕು ಮಾರು ಹಾರುತ್ತಿತ್ತು, ಆ ನಾಲ್ಕು ಮಾರಿನ ಆಸೆಗೆ ಮರುದಿನ ಮತ್ತೆ ಹಾಜರು. ಆದರೆ ಒಳಗೊಳಗೆ ಅವಳು ತೀರ್ಮಾನಿಸಿಬಿಟ್ಟಿದ್ದಳು: ಆಟದಲ್ಲಿ ದೋಷವಿಲ್ಲ, ಕೋಲಿನಲ್ಲಿ ದೋಷವಿಲ್ಲ, ದೋಷ ಇರುವುದು ತನ್ನ ಮೈಯಲ್ಲಿ. ಕುಳ್ಳಿ, ಅದಕ್ಕೆ ಹೊಂದದ ನೀಳ ಕೈ. ಶಾಲೆಯಲ್ಲಿ "ಮಂಗನ ಕೈ" ಎಂದು ಕರೆಸಿಕೊಂಡವಳು. ಇಂಥ ಮೈಗೆ ಇಂಥ ಆಟ ಎಲ್ಲಿ ಬರಬೇಕು?

ನಾಲ್ಕನೇ ವಾರದ ಒಂದು ಬೆಳಿಗ್ಗೆ, ಹನ್ನೊಂದರ ಹೊತ್ತಿಗೆ, ಅಂಗಡಿಗೆ ಗ್ರಂಥಾಲಯದಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಬಂದಳು. ಹೊಸ ಕೋಟು, ತೋಳು ಬೆರಳ ತುದಿಯವರೆಗೆ ಇಳಿದಿತ್ತು. ಆಕೆ ನಾಚಿಕೊಂಡು, "ನನ್ನ ಕೈ ಸ್ವಲ್ಪ ಗಿಡ್ಡ, ಏನ್ಮಾಡೋದು" ಎಂದಳು. ಗುಂಡುಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡಿದ್ದ ಇಂಚಮ್ಮ, ಮೂವತ್ತು ವರ್ಷದಿಂದ ದಿನಕ್ಕೆ ಹತ್ತು ಸಲ ಹೇಳುವ ಮಾತನ್ನೇ ಹೇಳಿದಳು: "ನಿಮ್ಮ ಕೈ ಸರಿಯಾಗೇ ಇದೆ. ಬಟ್ಟೆಯ ತೋಳು ಉದ್ದ."

ಹೇಳಿದವಳೇ ಬಾಯಿ ತೆರೆದು ನಿಂತುಬಿಟ್ಟಳು. ಪಿನ್ನುಗಳೆಲ್ಲ ಕಣಕಣ ಎಂದು ನೆಲಕ್ಕೆ.

"ಏನಾಯ್ತು?" ಎಂದು ಕೇಳಿದಳು ಗ್ರಂಥಾಲಯದವಳು.

"ನಾನೊಬ್ಬಳು ದೊಡ್ಡ ದಡ್ಡಿ!" ಎಂದು ಇಂಚಮ್ಮ ಆಕೆಯ ಎರಡೂ ಕೆನ್ನೆ ಹಿಡಿದು ಕುಲುಕಿದಳು. "ಕೈ ಸರಿಯಾಗೇ ಇದೆ! ನಿಮ್ಮ ಕೋಟು ನಾಳೆ ಕೊಡ್ತೀನಿ, ತಪ್ಪು ತಿಳೀಬೇಡಿ, ಪಿನ್ನು ತುಳೀಬೇಡಿ!" ಕುತ್ತಿಗೆಯ ಟೇಪು ಕುತ್ತಿಗೆಯಲ್ಲೇ, ಅಕ್ಕನ ಕೋಲಿನ ಚೀಲ ಹೆಗಲಿಗೆ, ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬಸ್ಸು ಹತ್ತಿಬಿಟ್ಟಳು.

ಮೈದಾನದ ಹಿಂಬದಿಗೆ ಒಂದು ಶೆಡ್ಡು. ಅಲ್ಲಿ ಕೂತು ಕೋಲು ರಿಪೇರಿ ಮಾಡುವವನನ್ನು ಎಲ್ಲರೂ ಹಿಡಿಕೆ ಮೇಸ್ತ್ರಿ ಎನ್ನುತ್ತಿದ್ದರು. ಹಳೇ ಹಿಡಿಕೆ ಕಿತ್ತು ಹೊಸದು ಹಾಕುವುದು, ಮುರಿದ ಕೋಲಿಗೆ ತಲೆ ಅಂಟಿಸುವುದು ಅವನ ಕೆಲಸ. ಅಂಟು, ಥಿನ್ನರು, ರಬ್ಬರಿನ ವಾಸನೆ. ಬೆಂಚಿಗೆ ಕಚ್ಚಿದ ಇಕ್ಕಳ. ಗೋಡೆಯ ಮೇಲೆ ತಲೆಕೆಳಗಾಗಿ ನೇತಾಡುವ ನೂರಾರು ಕೋಲು. ಮೇಸ್ತ್ರಿ ದಪ್ಪ ಮೀಸೆಯ, ಅಪರೂಪಕ್ಕೆ ನಗುವ ಮನುಷ್ಯ.

"ಈ ಕೋಲು ನನಗೆ ಉದ್ದ" ಎಂದಳು ಇಂಚಮ್ಮ, ಏದುಸಿರು ಬಿಡುತ್ತ.

ಮೇಸ್ತ್ರಿ ಅವಳನ್ನು ನೋಡಿ, ಕೋಲನ್ನು ನೋಡಿ, "ಕೋಲು ನಿಮಗೆ ಉದ್ದ ಅಲ್ಲ, ಕೋಲಿಗೆ ನೀವು ಗಿಡ್ಡ" ಎಂದ. ಎಷ್ಟು ಎತ್ತರಕ್ಕೆ ಎಷ್ಟುದ್ದದ ಕೋಲು ಎಂದು ಬರೆದಿದ್ದ ಗೋಡೆಯ ಮೇಲಿನ ಪಟ್ಟಿಗೆ ಬೆರಳಿಟ್ಟ. "ಐದಡಿ ಒಳಗಿದ್ರೆ ಮಕ್ಕಳ ಸೆಟ್ಟು. ತಗೊಳ್ಳಿ, ಇದು ಹಿಡಿದು ನೋಡಿ."

ಅವಳು ಹೊರಗೆ ಹೋಗಿ ಮಕ್ಕಳ ಕೋಲು ಬೀಸಿದಳು. ಅದು ಸಾರಿನ ಸೌಟಿನಷ್ಟು ಹಗುರ. ಬೀಸಿದರೆ ಬಳುಕಿ, ತಲೆ ಎಲ್ಲಿ ಹೋಯಿತೆಂದು ತಿಳಿಯುವ ಮೊದಲೇ ಹಿಂದಿರುಗಿ ಬಂದಿತ್ತು. ವಾಪಸು ತಂದು ಬೆಂಚಿನ ಮೇಲಿಟ್ಟಳು.

"ಮೇಸ್ತ್ರಿಗಳೇ, ಹತ್ತು ವರ್ಷದ ಹುಡುಗಿ ಫ್ರಾಕು ನನಗೆ ಹಾಕಿದ್ರೆ ಏನಾಗತ್ತೆ ಗೊತ್ತಾ?"

"ಏನಾಗತ್ತೆ?"

"ಉದ್ದ ಸರಿಯಾಗತ್ತೆ, ಭುಜ ಹರಿಯತ್ತೆ. ಗಿಡ್ಡ ಆದೋರು ಮಕ್ಕಳಲ್ಲ. ಮೂವತ್ತು ವರ್ಷ ಮೆಷಿನ್ ತುಳಿದ ಕೈಕಾಲು ಇದು. ನನಗೆ ದೊಡ್ಡವರ ತೂಕ ಬೇಕು, ನನ್ನ ಉದ್ದ ಬೇಕು."

ಮೇಸ್ತ್ರಿಯ ಮೀಸೆ ಒಂದು ಕಡೆ ಮೇಲಕ್ಕೆದ್ದಿತು. "ನೀವೇನು ಕೆಲಸ ಮಾಡ್ತೀರಿ?"

"ದರ್ಜಿ."

"ಅದನ್ನ ಮೊದಲೇ ಹೇಳ್ಬಾರದಾ!" ಎಂದು ಅವನು ಸ್ಟೂಲಿನಿಂದ ಎದ್ದೇಬಿಟ್ಟ. "ಬೂಟು ಹಾಕ್ಕೊಂಡೇ ನೆಟ್ಟಗೆ ನಿಲ್ಲಿ. ಕೈ ಸಡಿಲ ಬಿಡಿ. ಈ ಗೋಡೆ ಪಟ್ಟಿ ಇದ್ಯಲ್ಲ, ಇದು ಅರ್ಧ ಸತ್ಯ. ಎತ್ತರ ಮಾತ್ರ ನೋಡಿದ್ರೆ ಆಗಲ್ಲ. ಮಣಿಕಟ್ಟಿನ ಗೆರೆಯಿಂದ ನೆಲಕ್ಕೆ ಎಷ್ಟು, ಅದು ಮುಖ್ಯ. ಕೋಲು ಹಿಡಿಯೋದು ಕೈ. ತಲೆ ಅಲ್ಲ."

ಇಂಚಮ್ಮನಿಗೆ ಅವನ ಕಾಲಿಗೆ ಬೀಳಬೇಕೆನಿಸಿತು. ಅಂಗಿಯ ತೋಳನ್ನು ಚೆನ್ನಾಗಿ ಕತ್ತರಿಸಬಲ್ಲ ಯಾವ ದರ್ಜಿಯಾದರೂ ಇದನ್ನೇ ಹೇಳುತ್ತಿದ್ದ. ಅವಳದೇ ಟೇಪು ತೆಗೆದು ಅವನು ಮಣಿಕಟ್ಟಿನಿಂದ ನೆಲಕ್ಕೆ ಹಿಡಿದ. ಇಪ್ಪತ್ತೇಳು ಇಂಚು. ಅಕ್ಕನ ಏಳನೇ ನಂಬರಿನ ಕೋಲು ಅಳೆದರೆ ಮೂವತ್ತೆಂಟು.

"ಹೆಂಗಸರಿಗೆ ಮಾಮೂಲಿ ಮೂವತ್ತಾರು" ಎಂದ ಮೇಸ್ತ್ರಿ. "ನಿಮ್ಮ ಕೈ ಉದ್ದ, ನೆಲ ಹತ್ತಿರ. ಇನ್ನೂ ಒಂದೂವರೆ ತೆಗೆದ್ರೆ ಮೂವತ್ನಾಲ್ಕೂವರೆ. ಅಂದ್ರೆ ಇದರಲ್ಲಿ ಮೂರೂವರೆ ಇಂಚು ಹಾರ್ಸ್ಬೇಕು. ಕತ್ತರಿಸ್ಲಾ?"

"ಈಗಲೇ? ಕಚ್ಚಾ ಹೊಲಿಗೆ ಹಾಕದೆ?" ಎಂದು ಕೇಳಿದಳು ಇಂಚಮ್ಮ. "ಅಳತೆ ಹೇಳಿದ್ದು ಒಂದು, ಮೈ ಒಪ್ಪೋದು ಇನ್ನೊಂದು. ಹಾಕಿ ನೋಡದೆ ನಾನು ಕತ್ತರಿ ಇಡಲ್ಲ."

ಮೇಸ್ತ್ರಿ ಈಗ ನಿಜವಾಗಿಯೂ ನಕ್ಕ. ಮೂಲೆಯಿಂದ ಮೂವತ್ತೈದರದ್ದು ಒಂದು, ಮೂವತ್ನಾಲ್ಕೂವರೆಯದ್ದು ಒಂದು ಹಳೇ ಕೋಲು ಹುಡುಕಿ ತೆಗೆದ. ಅವುಗಳ ಮುಖಕ್ಕೆ ತೆಳ್ಳಗಿನ ಕಾಗದದ ಪಟ್ಟಿ ಅಂಟಿಸಿದ. ಚೆಂಡು ತಗುಲಿದ ಕಡೆ ಗುರುತು ಬೀಳುತ್ತದೆ. ಒಂದೊಂದರಲ್ಲಿ ಹತ್ತು ಹತ್ತು ಚೆಂಡು. ಮೂವತ್ತೈದರ ಪಟ್ಟಿಯಲ್ಲಿ ಗುರುತುಗಳು ಹಿಮ್ಮಡಿಯ ಕಡೆ, ಅಂದರೆ ಕೋಲಿನ ತಲೆ ಕೊಳವೆಗೆ ಸೇರುವ ಅಂಚಿಗೆ, ಚೆಲ್ಲಿದ್ದವು. ಮೂವತ್ನಾಲ್ಕೂವರೆಯದರಲ್ಲಿ ಏಳು ಗುರುತು ಒಂದೇ ಗುಂಡಿಯಷ್ಟು ಜಾಗದಲ್ಲಿ, ನಟ್ಟನಡುವೆ. ಇಬ್ಬರೂ ಪಟ್ಟಿಯ ಮೇಲೆ ತಲೆಗೆ ತಲೆ ತಾಗಿಸಿ ಬಗ್ಗಿ ನೋಡಿ, ಒಟ್ಟಿಗೇ "ಹಾಂ!" ಎಂದರು.

ಆದರೂ ಅವಳು ಒಂದನ್ನು ಮಾತ್ರ ಕತ್ತರಿಸಲು ಒಪ್ಪಿದಳು. ಹಿಡಿಕೆ ಸೀಳಿ ಕಿತ್ತು, ಕೊಳವೆಗೆ ಕತ್ತರಿಚಕ್ರ ಕಚ್ಚಿಸಿ ಮೇಸ್ತ್ರಿ ಸುತ್ತ ತಿರುಗಿಸಿದ. ಕಿರ್ರ್, ಕಿರ್ರ್, ಟಣ್. ಮೂರೂವರೆ ಇಂಚಿನ ಉಕ್ಕಿನ ತುಂಡು ಸಿಮೆಂಟು ನೆಲದ ಮೇಲೆ ಉರುಳಿತು. ಅಂಚು ಅರದಿಂದ ಉಜ್ಜಿ, ಅಂಟುಪಟ್ಟಿ ಸುತ್ತಿ, ಥಿನ್ನರು ಸುರಿದು, ಹೊಸ ಹಿಡಿಕೆಯನ್ನು ಒಂದೇ ಉಸಿರಿಗೆ ತಳ್ಳಿ ಕೂರಿಸಿದ. "ಗಿಡ್ಡ ಮಾಡಿದ್ರೆ ತಲೆ ಹಗುರ ಅನಿಸತ್ತೆ" ಎಂದು ಕೋಲಿನ ತಲೆಯ ಬೆನ್ನಿಗೆ ಸೀಸದ ಪಟ್ಟಿ ಅಂಟಿಸಿದ. ಅದು ಪರದೆ ನೆಟ್ಟಗೆ ಇಳಿಬೀಳಲೆಂದು ತಾನು ಅಂಚಿನೊಳಗೆ ಹಾಕುವ ತೂಕದ ಹಾಗೆಯೇ ಎಂದು ಇಂಚಮ್ಮನಿಗೆ ತಟ್ಟನೆ ಹೊಳೆದು ಮೈಯೆಲ್ಲ ಪುಳಕ.

ಅಂಟು ಒಣಗಲು ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಅವಳು ಶೆಡ್ಡಿನ ಸುತ್ತ ಹದಿನೆಂಟು ಸಲ ಸುತ್ತಿದಳು, ಎರಡು ಕಾಫಿ ಕುಡಿದಳು, ಕಾಫಿ ಮಾರುವವನ ಅಂಗಿಯ ಕಿತ್ತ ಗುಂಡಿ ಹೊಲಿದುಕೊಟ್ಟಳು. ಆಮೇಲೆ ಚಾಪೆಯ ಮೇಲೆ ನಿಂತಳು.

ಕೈ ತಾನಾಗಿ ಇಳಿಬಿದ್ದ ಕಡೆ ಹಿಡಿಕೆ ಇತ್ತು. ಹುಡುಕಬೇಕಾಗಲಿಲ್ಲ. ಹೊಟ್ಟೆಗೆ ತಿವಿಯಲಿಲ್ಲ, ಬೆನ್ನು ಮುರಿಯಲಿಲ್ಲ. ಚೆಂಡು ಇಲ್ಲೇ, ಕಾಲ ಬುಡದಲ್ಲೇ, ಸಾಕಿದ ಬೆಕ್ಕಿನ ಹಾಗೆ ಕೂತಿತ್ತು. ಇಂಚಮ್ಮ ಯಾರ ಸಲಹೆಯನ್ನೂ ನೆನೆಯಲಿಲ್ಲ. ಬೀಸಿದಳು.

ಕೈಗೆ ಏನೂ ತಗುಲಿದಂತೆಯೇ ಆಗಲಿಲ್ಲ. ಮೆತ್ತಗೆ, ಬೆಣ್ಣೆಗೆ ಬೆರಳು ಇಟ್ಟಷ್ಟು ಮೆತ್ತಗೆ. ತಪ್ಪಿತೇನೋ ಅಂದುಕೊಂಡಳು. ತಲೆ ಎತ್ತಿದರೆ ಚೆಂಡು ಆಕಾಶದಲ್ಲಿತ್ತು. ಎಡಕ್ಕಲ್ಲ, ಬಲಕ್ಕಲ್ಲ, ನೇರವಾಗಿ ಮೇಲೆ, ಇನ್ನೂ ಮೇಲೆ. ಒಂದು ಕ್ಷಣ ಅಲ್ಲಿಯೇ ನಿಂತು ಯೋಚಿಸಿ, ಆಮೇಲೆ ನಿಧಾನಕ್ಕೆ ದೂರದ ಹುಲ್ಲಿಗೆ ಇಳಿಯಿತು.

"ಆಹಾಹಾ!" ಎಂದರು ಟೋಪಿಯವರು.

ಇಂಚಮ್ಮ ಕೋಲು ಎತ್ತಿ ಹಿಡಿದು ಚಾಪೆಯ ಮೇಲೆ ಕುಣಿದಳು. ನಿಜವಾಗಿ ಕುಣಿದಳು, ಎರಡೂ ಕಾಲು ಒಟ್ಟಿಗೆ ಎತ್ತಿ. ಮತ್ತೊಂದು ಹೊಡೆದಳು. ಅದೂ ಹಾರಿತು. ಐದನೆಯದು ಚಾಪೆಗೆ ಬಡಿಯಿತು, ಅವಳು ಅದಕ್ಕೂ ನಕ್ಕಳು. ಬಕೆಟ್ಟು ಬರಿದಾದಾಗ ಗಂಡನಿಗೆ ಫೋನು ಹಚ್ಚಿದಳು.

"ರೀ, ಹಾರಿತು!"

ಆ ಕಡೆ ಅವನು ಯಾವುದೋ ಕಟ್ಟಡದ ಎಂಟನೇ ಮಹಡಿಯಲ್ಲಿದ್ದ. "ಏನು ಹಾರಿತು? ಫ್ಯೂಸಾ? ಮೇನ್ ಸ್ವಿಚ್ ಆಫ್ ಮಾಡು! ಏನೂ ಮುಟ್ಟಬೇಡ!"

"ಚೆಂಡು ರೀ, ಚೆಂಡು!" ಎಂದು ಅವಳು ನಗಲು ಶುರುಮಾಡಿದ್ದು, ಅವನಿಗೂ ನಗು ಹತ್ತಿ, ಇಬ್ಬರೂ ಮಾತಿಲ್ಲದೆ ಐದು ನಿಮಿಷ ಫೋನಿನಲ್ಲಿ ನಗುತ್ತಲೇ ಇದ್ದರು.

ಆ ವಾರ ಹನ್ನೊಂದು ಕೋಲೂ ಗಿಡ್ಡವಾದವು. ಒಂದೊಂದಕ್ಕೂ ಒಂದೊಂದು ಅಳತೆ; ಮೇಸ್ತ್ರಿ ಮತ್ತು ಇಂಚಮ್ಮ ಚರ್ಚೆ ಮಾಡಿ, ಜಗಳ ಮಾಡಿ, ಕಾಲು ಇಂಚಿಗಾಗಿ ಒಂದು ಮಧ್ಯಾಹ್ನ ಪೂರ್ತಿ ಮಾತು ಬಿಟ್ಟು, ಕೊನೆಗೆ ರಾಜಿಯಾದರು.

ಅಕ್ಕ ಆ ಹೊತ್ತಿನಲ್ಲಿ ಊರಲ್ಲಿರಲಿಲ್ಲ. ಹತ್ತು ದಿನದ ಮೇಲೆ ಬಂದವಳು ತಂಗಿಯ ಚೀಲ ನೋಡಿದಳು. ಚೀಲದ ಬಾಯಿಂದ ತಲೆ ಎತ್ತಿ ನಿಲ್ಲುತ್ತಿದ್ದ ಕೋಲುಗಳು ಈಗ ನಾಚಿ ಒಳಗೆ ಕೂತಿದ್ದವು.

"ಕತ್ತರಿಸ್ಬಿಟ್ಟೆಯಾ?" ಅಕ್ಕನ ಧ್ವನಿ ಏರಿತು. "ನನ್ನ ಕೋಲು ಕತ್ತರಿಸ್ಬಿಟ್ಟೆಯಾ?"

"ನನಗೆ ಕೊಟ್ಟಿದ್ದಲ್ವಾ ಅಕ್ಕ?"

"ಕೊಟ್ಟಿದ್ದು ಆಡು ಅಂತ, ಕೊಯ್ಯಿ ಅಂತಲ್ಲ! ಒಂದು ಮಾತು ಕೇಳೋದಲ್ವೇನೇ? ಎಲ್ಲಾದಕ್ಕೂ ಕತ್ತರಿ ಹಾಕೋದೇ ನಿನ್ನ ಬುದ್ಧಿ." ಅಕ್ಕ ಮುಖ ಊದಿಸಿಕೊಂಡು ನಾಲ್ಕು ಚಾಪೆ ದಾಟಿ ಹೋಗಿ, ತಂಗಿಗೆ ಬೆನ್ನು ಹಾಕಿ ನಿಂತಳು.

ಬೆನ್ನು ಹಾಕಿ ನಿಂತದ್ದೇ ಎಡವಟ್ಟಾಯಿತು. ದರ್ಜಿಯ ಕಣ್ಣಿಗೆ ಬೆನ್ನಿಗಿಂತ ಹೆಚ್ಚು ಮಾತಾಡುವ ಅಂಗ ಇನ್ನೊಂದಿಲ್ಲ. ಬೇಜಾರಿನಲ್ಲಿ ಕೂತಿದ್ದ ಇಂಚಮ್ಮ ನೋಡುತ್ತ ನೋಡುತ್ತ ಬೇಜಾರು ಮರೆತಳು. ಅಕ್ಕ ಕಂಬದ ಹಾಗೆ ನೆಟ್ಟಗೆ ನಿಂತಿದ್ದಳು. ಎರಡೂ ಮೊಣಕೈ ಮಡಚಿ, ಟ್ರೇ ಹೊತ್ತು ಬಂದವಳ ಹಾಗೆ ಕೋಲು ಹಿಡಿದಿದ್ದಳು. ಚೆಂಡು ಎಡಕ್ಕೆ. ಮತ್ತೆ ಎಡಕ್ಕೆ. ಎರಡು ವರ್ಷದಿಂದ ಅಕ್ಕನ ಚೆಂಡು ಎಡಕ್ಕೇ ಹೋಗುತ್ತಿತ್ತು. ಎಲ್ಲರೂ ಅದನ್ನು ಅಕ್ಕನ ಗತ್ತು ಎಂದುಕೊಂಡಿದ್ದರು.

ಇಂಚಮ್ಮ ಟೇಪು ತೆಗೆದುಕೊಂಡು ಹೋದಳು. "ಅಕ್ಕಾ, ಒಂದು ನಿಮಿಷ ಕೈ ಬಿಟ್ಟು ನಿಲ್ಲು."

"ಯಾಕೆ? ನನ್ನನ್ನೂ ಕತ್ತರಿಸ್ತೀಯಾ?"

"ಒಂದೇ ನಿಮಿಷ."

"ಬೇಡ." ಅಕ್ಕ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು. ಆ ಕೈ ಕಟ್ಟಿಕೊಂಡ ರೀತಿಯಲ್ಲಿ ಏನೋ ಇತ್ತು. ಐವತ್ತು ವರ್ಷದ ಫೋಟೋಗಳಲ್ಲೆಲ್ಲ ಅಕ್ಕ ಹೀಗೇ ನಿಂತಿರುತ್ತಿದ್ದಳು ಎಂಬುದು ತಂಗಿಗೆ ಈಗ ನೆನಪಾಯಿತು.

"ಅಕ್ಕ, ಯಾಕೇ?"

ಅಕ್ಕ ಬೂಟಿನ ತುದಿಯಿಂದ ಚಾಪೆ ಕೆರೆದಳು. ಆಮೇಲೆ, ಮೆಲ್ಲಗೆ, "ಯಾವ ಅಂಗಡಿ ತೋಳೂ ನನಗೆ ಸಾಲಲ್ಲ ಕಣೇ" ಎಂದಳು. "ಮಣಿಕಟ್ಟಿಗೆ ನಾಲ್ಕು ಬೆರಳು ಮೇಲೇ ನಿಂತುಬಿಡತ್ತೆ. ಅದಕ್ಕೇ ಮಡಚಿಕೊಳ್ಳೋದು. ನಿನ್ನ ಹತ್ರ ಹೊಲಿಸೋಕೆ ಬಂದ್ರೆ ನೀನು ಅಳೀತೀಯ. ಅಳೆದ್ರೆ ನಿನಗೆ ಗೊತ್ತಾಗಿಬಿಡತ್ತೆ. ನಿನ್ನನ್ನ ಶಾಲೇಲಿ ಮಂಗನ ಕೈ ಅಂತಿದ್ರಲ್ಲ, ನನ್ನ ಕೈ ಯಾರೂ ನೋಡದ ಹಾಗೆ ನಾನು ಆಗಲೇ ಕಟ್ಕೊಂಡೆ."

ಇಂಚಮ್ಮ ಬೆರಗಾಗಿ ನಿಂತಳು. "ಆ ಠೀವಿ... ಆ ಶೈಲಿ..."

"ಶೈಲಿನೂ ಇಲ್ಲ, ಮಣ್ಣೂ ಇಲ್ಲ. ಬಟ್ಟೆ ಸಾಲ್ತಿರಲಿಲ್ಲ ಅಷ್ಟೇ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಯಾರು ನಕ್ಕರೋ ಗೊತ್ತಿಲ್ಲ. ಅಕ್ಕನ ಮೂಗಿನಿಂದ ಒಂದು ಸದ್ದು ಬಂತು. ತಂಗಿ ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡಳು. ಆಮೇಲೆ ಇಬ್ಬರೂ ಚಾಪೆಯ ಮೇಲೆ ಕೂತೇಬಿಟ್ಟರು. ಕಣ್ಣಲ್ಲಿ ನೀರು, ಪಕ್ಕೆಯಲ್ಲಿ ನೋವು, ಒಬ್ಬಳು ನಿಲ್ಲಿಸಿದರೆ ಇನ್ನೊಬ್ಬಳು "ಠೀವಿ" ಎನ್ನುವಳು, ಮತ್ತೆ ಶುರು. ಕಾಫಿ ಮಾರುವವನು ನೀರು ತಂದುಕೊಟ್ಟ.

ನಗು ಇಳಿದ ಮೇಲೆ ಅಕ್ಕ ಎದ್ದು ನಿಂತು ಕೈ ಎರಡನ್ನೂ ಇಳಿಬಿಟ್ಟಳು. ಇಂಚಮ್ಮ ಮಂಡಿಯೂರಿ ಕೂತು, ಐವತ್ಮೂರು ವರ್ಷದಲ್ಲಿ ಮೊದಲ ಸಲ, ತನ್ನ ಅಕ್ಕನ ಮಣಿಕಟ್ಟಿಗೆ ಟೇಪು ಹಿಡಿದಳು. ನೆಲಕ್ಕೆ ಮೂವತ್ನಾಲ್ಕೂವರೆ. ಅಕ್ಕನ ಹೊಸ ಏಳನೇ ನಂಬರು ಮೂವತ್ತೆಂಟೂವರೆ ಇತ್ತು.

"ಕೋಲು ಮಾರಿದ ಅಂಗಡಿಯವನು ನನ್ನ ನೋಡಿದ ತಕ್ಷಣ, ಎತ್ತರದವರಿಗೆ ಎತ್ತರದ ಕೋಲು ಅಂದ" ಎಂದಳು ಅಕ್ಕ.

"ಎತ್ತರ ನೋಡಿದಾನೆ, ಕೈ ನೋಡಿಲ್ಲ. ನಿನಗೆ ಗಂಡಸರ ಮಾಮೂಲಿ ಮೂವತ್ತೇಳು ಸಾಕು ಅಕ್ಕ. ಇಷ್ಟು ಒಳ್ಳೆ ಕೈ ಇಟ್ಕೊಂಡು ಅಷ್ಟುದ್ದದ ಕೋಲು ಯಾಕೆ ಬೇಕು?"

ಮೇಸ್ತ್ರಿ ಕಾಗದದ ಪಟ್ಟಿ ಅಂಟಿಸಿ ಪರೀಕ್ಷೆ ಮಾಡಿದ. ಇಂಚಮ್ಮ ಪಟ್ಟಿ ನೋಡಿ ತಲೆಯಾಡಿಸಿದಳು. ಚಕ್ರ ಕಚ್ಚಿಸುವಾಗ ಅಕ್ಕ ಕಣ್ಣು ಮುಚ್ಚಿಕೊಂಡು, "ಬೇಗ ಕತ್ತರಿಸ್ಬಿಡಿ" ಎಂದಳು. ಮರುದಿನ ಅವಳ ಚೆಂಡು ನೇರವಾಗಿ ಹೋಯಿತು. ಎಡಕ್ಕೆ ನಿಂತು ಕಾಯುತ್ತಿದ್ದ ಚೆಂಡು ಹೆಕ್ಕುವವರು ಕಕ್ಕಾಬಿಕ್ಕಿಯಾದರು.

ಮುಂದೆ ಸಂಗತಿಗಳು ಒಂದರ ಹಿಂದೊಂದು ಓಡಿದವು. ಅಕ್ಕ ತಂಗಿಯಿಂದ ಒಂದು ಬಿಳಿ ಅಂಗಿ ಹೊಲಿಸಿಕೊಂಡಳು, ಮಣಿಕಟ್ಟಿನವರೆಗೆ ಪೂರ್ತಿ ತೋಳು. ಅದನ್ನು ಹಾಕಿಕೊಂಡು ಕಾರಣವಿಲ್ಲದೆ ಎಲ್ಲರಿಗೂ ಕೈಬೀಸುತ್ತ ತಿರುಗಿದಳು. ಮೇಸ್ತ್ರಿ ಗೋಡೆಯ ಪಟ್ಟಿ ಕಿತ್ತುಹಾಕಿ, ಗುರುವಾರ ಮಧ್ಯಾಹ್ನಗಳಿಗೆ ಇಂಚಮ್ಮನನ್ನು ಶೆಡ್ಡಿಗೆ ಕರೆದ. ಅವಳು ಅಂಗಡಿಗೆ ಅರ್ಧ ದಿನ ರಜೆ ಹಾಕಿ ಅಲ್ಲಿ ಕೂತು, ಬಂದವರ ಮಣಿಕಟ್ಟು ಅಳೆದು, "ನಿಮ್ಮ ಮೈ ಸರಿಯಾಗೇ ಇದೆ" ಎಂದು ಹೇಳಿ ಕಳಿಸತೊಡಗಿದಳು. ಕೋಲು ಬದಲಿಸದೆ ಬರೀ ಆ ಮಾತು ಕೇಳಿಕೊಂಡೇ ಚೆನ್ನಾಗಿ ಆಡಿದವರೂ ಇದ್ದರು. ಅವಳ ಕತ್ತು ನೋವು ಯಾವಾಗ ಹೋಯಿತೆಂದು ಅವಳಿಗೇ ಗೊತ್ತಾಗಲಿಲ್ಲ.

ಮಳೆ ನಿಂತ ಮೇಲೆ ಮೈದಾನದವರು ಹೊಸಬರಿಗೆ ಜೋಡಿ ಪಂದ್ಯ ಇಟ್ಟರು. ಅಭ್ಯಾಸದ ಹುಲ್ಲಿನಾಚೆ ನಿಜವಾದ ಆಟದ ಬಯಲಿತ್ತು; ಎಂಟು ಜೋಡಿ, ಚೆಂಡು ಬೀಳಿಸಲು ಒಂಬತ್ತು ಕುಳಿ, ಕಡಿಮೆ ಹೊಡೆತ ಹೊಡೆದವರಿಗೆ ಗೆಲುವು. ಅಕ್ಕ ತಂಗಿ ಒಂದು ಜೋಡಿ. ಇಂಚಮ್ಮನ ಗಂಡ ರಜೆ ಹಾಕಿ ಎರಡೂ ಚೀಲ ಹೊತ್ತುಕೊಂಡು ಹಿಂದೆ ಹಿಂದೆ ಬಂದ. ಯಾವಾಗ ಚಪ್ಪಾಳೆ ತಟ್ಟಬೇಕೆಂದು ತಿಳಿಯದೆ ಎಲ್ಲದಕ್ಕೂ ತಟ್ಟಿದ, ಎದುರಾಳಿಗಳು ಚೆಂಡು ಕಳೆದುಕೊಂಡದ್ದಕ್ಕೂ. ಮೂರನೇ ಕುಳಿಯಲ್ಲಿ ಅಕ್ಕನ ಚೆಂಡು ಮರದ ಕವಲಿನಲ್ಲಿ ಕೂತಿತು. ಐದನೆಯದರಲ್ಲಿ ಇಂಚಮ್ಮನ ಚೆಂಡು ಮರಳಿನ ಗುಂಡಿಗೆ ಬಿತ್ತು. ಗುಂಡಿ ಎಷ್ಟು ಆಳವೆಂದರೆ ಅವಳು ಒಳಗಿಳಿದ ಮೇಲೆ ಹೊರಗೆ ನಿಂತವರಿಗೆ ಬರೀ ಮರಳು ಚಿಮ್ಮುವುದು ಮಾತ್ರ ಕಾಣುತ್ತಿತ್ತು. ಆರು ಸಲ ಮರಳು ಚಿಮ್ಮಿತು. ಏಳನೆಯ ಸಲ ಚೆಂಡೂ ಬಂತು, ಹಿಂದಿನಿಂದ ಇಂಚಮ್ಮನ ಗೆಲುವಿನ ಕೂಗೂ ಬಂತು.

ಒಂಬತ್ತನೆಯ ಕುಳಿಗೆ ಬರುವಾಗ ಇವರ ಸ್ಥಾನ ಕೊನೆಯದು. ಹಿಂದಿನಿಂದ ಎರಡನೆಯವರಾಗಿದ್ದ ದಂಪತಿ ತಮ್ಮೊಳಗೇ ಜಗಳವಾಡಿಕೊಂಡು ಚೆಂಡನ್ನು ಹಳ್ಳಕ್ಕೆ ಹಾಕಿದರು. ಅದೇ ಹಳ್ಳದ ಈಚೆ ದಂಡೆಯಲ್ಲಿ ಇಂಚಮ್ಮ ನಿಂತಳು. ಆಚೆ ದಂಡೆಯ ಮೇಲೆ ಬಾವುಟ. ನಡುವೆ ನೀರು.

"ಹೆದರಿಕೆ ಆಗ್ತಿದೆ ಅಕ್ಕ."

"ನನಗೂ. ಹೊಡಿ."

ಅವಳು ಹೊಡೆದಳು. ಚೆಂಡು ಎದ್ದು ನೀರಿನ ಮೇಲೆ ಹಾದು ಹೋಗುವಷ್ಟು ಹೊತ್ತೂ ಮೂವರೂ ಉಸಿರು ಬಿಡಲಿಲ್ಲ. ಆಚೆ ದಂಡೆಯ ಒಂದು ಕಲ್ಲಿಗೆ ಬಡಿದು, ಪುಟಿದು, ಹುಲ್ಲಿಗೆ ಬಿದ್ದು, ಬಾವುಟದ ಕಡೆಗೆ ಉರುಳಿ ಉರುಳಿ, ಕುಳಿಗೆ ಮಾರು ದೂರದಲ್ಲಿ ನಿಂತಿತು. ಗಂಡ ಎರಡೂ ಚೀಲ ಕೆಳಗೆ ಎಸೆದು ಚಪ್ಪಾಳೆ ತಟ್ಟಿದ. ಈ ಸಲ ಸರಿಯಾದ ಹೊತ್ತಿಗೆ. ಅಕ್ಕ ತಂಗಿಯ ಕೈ ಹಿಡಿದು ಸೇತುವೆಯ ಮೇಲೆ ಓಡತೊಡಗಿದಳು, ತಂಗಿ ಅವಳ ಒಂದು ಹೆಜ್ಜೆಗೆ ಎರಡು ಹೆಜ್ಜೆ ಹಾಕಿಕೊಂಡು ಓಡಿದಳು.

ಹೇಗೆ ಎಣಿಸಿದರೂ ಎಂಟು ಜೋಡಿಗಳಲ್ಲಿ ಏಳನೆಯವರೇ ಆದರು. ಚೀಟಿ ಬರೆದುಕೊಳ್ಳುವವನು, "ಕೊನೇ ಕುಳೀಲಿ ಒಟ್ಟು ಎಷ್ಟು ಹೊಡೆತ?" ಎಂದು ಕೇಳಿದಾಗ ಅಕ್ಕ ಆರು ಎಂದಳು, ತಂಗಿ ಏಳು ಎಂದಳು, ಗಂಡ ಐದು ಎಂದ. ಮೂವರೂ ಅಲ್ಲೇ ಹುಲ್ಲಿನ ಮೇಲೆ ಕೂತು ಮೊದಲಿನಿಂದ ಎಣಿಸಲು ಶುರುಮಾಡಿದರು.